ಮೆಟ್ಟಿಲ ಮೇಲಿನ ಪ್ರಜಾಪ್ರಭುತ್ವ

ತಾನು ಒಪ್ಪದ ಕಾನೂನಿಗೆ ಮನುಷ್ಯ ತಲೆಬಾಗಬೇಕಿಲ್ಲ ಎಂದು ಟ್ಯೂಬಿಂಗನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಗೆರೋಲ್ಡ್ ಕೀನ್ಲೆ ಜೀವಮಾನವಿಡೀ ಪಾಠ ಹೇಳಿದ್ದರು. ಅದನ್ನು ಸ್ವತಃ ಆಚರಿಸುವ ಪ್ರಮೇಯ ಮಾತ್ರ ಬಂದಿರಲಿಲ್ಲ. ಒಂದು ಶನಿವಾರ ಬೆಳಿಗ್ಗೆ ಬಂತು. ಬಾಗಿಲ ಹಿಡಿಯಲ್ಲಿ ಮರದ ಹಲಗೆಯೊಂದು ನೇತಾಡುತ್ತಿತ್ತು: ‘ಗುಡಿಸುವ ವಾರ’.

ಆ ಹಲಗೆ ಯಾರ ಬಾಗಿಲಿಗೆ ಬಂತೋ ಅವರು ಕಟ್ಟಡದ ಮೆಟ್ಟಿಲು ಗುಡಿಸಿ, ಒರೆಸಿ, ಹಲಗೆಯನ್ನು ಪಕ್ಕದ ಬಾಗಿಲಿಗೆ ದಾಟಿಸಬೇಕು. ಆ ಸೀಮೆಯಲ್ಲಿ ರಾಜರು ಹೋದರು, ಸರ್ಕಾರಗಳು ಉರುಳಿದವು, ಹಲಗೆ ಉಳಿಯಿತು. (ಅದು ಮೊದಲಿಂದಲೂ ಬರುತ್ತಿತ್ತು. ಪ್ರೊಫೆಸರರ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೆ.) ಈ ಸಲ ಹೆಂಡತಿ ಹೈಡ್ರೂನಳ ಮುಂಗೈ ಮುರಿದು ಪಟ್ಟಿಯಲ್ಲಿತ್ತು.

“ಈ ನಿಯಮ ಮಾಡಿದ್ದು ಯಾರು?”

“ಯಾರೋ. ಪೊರಕೆ ಬಾಗಿಲ ಹಿಂದಿದೆ.”

“ಚರ್ಚೆಯಾಗದ ನಿಯಮ ನಿಯಮವೇ ಅಲ್ಲ, ಹೈಡ್ರೂನ್.”

“ಹಾಗಾದ್ರೆ ಚರ್ಚೆ ಮಾಡಿ. ಸಂಜೆಯೊಳಗೆ ಮುಗಿಸಿ. ಕೆಳಗಿನ ಬೋಸ್ಲರಮ್ಮ ಬೆರಳಿಟ್ಟು ಧೂಳು ನೋಡ್ತಾರೆ.”

ಪ್ರೊಫೆಸರರಿಗೆ ಹುರುಪೇರಿತು. ಮಧ್ಯಾಹ್ನದ ಕಾಫಿಗೆ ಮಹಾಸಭೆ ಕರೆದರು. ವಿಧವೆ ಬೋಸ್ಲರಮ್ಮ ಪ್ಲಮ್ ಕೇಕು ತಂದರು. ಮೇಲಿನ ಮನೆಯ ದಾದಿ ಯಾಸೆಮಿನ್ ರಾತ್ರಿಪಾಳಿಯ ನಿದ್ದೆಗಣ್ಣು ತಂದಳು. ಕಾನೂನಿನ ಭಾರ ಯಾರ ಮೇಲೆ ಬೀಳುತ್ತದೋ ಅವರೇ ಅದನ್ನು ತೀರ್ಮಾನಿಸತಕ್ಕದ್ದು, ಆದ್ದರಿಂದ ಹಲಗೆಯನ್ನು ರದ್ದುಮಾಡಿ, ಅಂತಃಕರಣ ಪ್ರೇರೇಪಿಸಿದವರು ಗುಡಿಸಲಿ ಎಂದು ಪ್ರೊಫೆಸರರು ಪ್ರತಿಪಾದಿಸಿದರು. ಎಲ್ಲರೂ ತಲೆದೂಗಿದರು. ಅರ್ಧ ಕೇಕು ಮುಗಿಯಿತು.

“ಭಾರ ಹೊತ್ತೋರು ಮಾತ್ರ ಕೈಯೆತ್ತಬೇಕು, ಅಲ್ವೇ ಪ್ರೊಫೆಸರೇ?” ಬೋಸ್ಲರಮ್ಮ ಕೇಳಿದರು.

“ಅದೇ ನನ್ನ ಸಿದ್ಧಾಂತದ ತಿರುಳು.”

“ನೀವು ಒಂದು ಮೆಟ್ಟಿಲಾದ್ರೂ ಗುಡಿಸಿದ್ದೀರಾ?”

ಪ್ರೊಫೆಸರರು ಕಿಟಕಿಯತ್ತ ನೋಡಿದರು. ಇಲ್ಲವೆಂದು ಹೈಡ್ರೂನಳೇ ಸಾಕ್ಷಿ ನುಡಿದಳು. ಹೀಗೆ ಅವರ ಮತದಾನದ ಹಕ್ಕು ಅವರದೇ ಸಿದ್ಧಾಂತದಿಂದ ಹೋಯಿತು. ಗುಡಿಸಿ ಹಕ್ಕು ಸಂಪಾದಿಸಿಕೊಳ್ಳಲಿ ಎಂದು ಯಾಸೆಮಿನ್ ಆಕಳಿಸುತ್ತ ಸೂಚಿಸಿದಳು. ಎಲ್ಲ ಮನೆಗಳ ಸರದಿಯೂ ಒಂದು ಸುತ್ತು ಅವರಿಗೇ ಸೇರಲಿ ಎಂದು ಮೂರು ಕೈ ಮೇಲೆದ್ದವು. ಅದರಲ್ಲೊಂದು ಪಟ್ಟಿ ಕಟ್ಟಿದ್ದು. ನಡಾವಳಿಯಲ್ಲಿ ದೋಷ ಸಿಗದೆ ಪ್ರೊಫೆಸರರು ಶಿರಸಾವಹಿಸಿದರು.

ಸುತ್ತು ಮುಗಿಯಿತು. ಸೊಂಟ ಹಿಡಿದಿತ್ತು, ಆದರೆ ಹಕ್ಕು ಕೈಗೆ ಬಂದಿತ್ತು. ಮತ್ತೆ ಸಭೆ ಕರೆದರು. ಒಬ್ಬರೂ ಬರಲಿಲ್ಲ. ಹಲಗೆ ಹಿಡಿದು ಕೆಳಗಿಳಿದರೆ ಬೋಸ್ಲರಮ್ಮ ಬಾಗಿಲಲ್ಲೇ ತಡೆದರು.

“ಈಗ ಗುಡಿಸೋರು ನೀವೊಬ್ರೇ. ನಾವು ಬಂದು ಮಾತಾಡಿದ್ರೆ ಅನ್ಯಾಯ ಆಗಲ್ವೇ? ನೀವೇ ತೀರ್ಮಾನ ಮಾಡಿ.”

“ಮಾಡಿದ್ದೇನೆ. ಈ ವಾರ ನಿಮ್ಮದು.”

“ನಾನು ಒಪ್ಪಿಲ್ಲವಲ್ಲ. ಒಪ್ಪದ ಕಾನೂನಿಗೆ ತಲೆಬಾಗಬೇಕಿಲ್ಲ ಅಂತ ನೀವೇ ಹೇಳೋದಂತೆ. ಹೈಡ್ರೂನ್ ಹೇಳಿದ್ಲು.”

ವಾದ ಅಭೇದ್ಯವಾಗಿತ್ತು. ಒಳ್ಳೆಯ ವಾದಕ್ಕೆ ಸೋಲುವುದು ಅವರ ಧರ್ಮ. ಹಲಗೆಯೊಡನೆ ಮೇಲೆ ಬಂದರು. ಪಟ್ಟಿ ಬಿಚ್ಚಿಸಿಕೊಂಡು ಬಂದಿದ್ದ ಹೈಡ್ರೂನ್ ವಾಸಿಯಾದ ಕೈಯಲ್ಲಿ ಕಾಫಿ ಕುಡಿಯುತ್ತಿದ್ದಳು.

“ಪೊರಕೆ...” ಎಂದು ಬಾಯಿ ತೆರೆದಳು.

“ಎಲ್ಲಿದೆ ಅಂತ ಗೊತ್ತು,” ಎಂದರು ಪ್ರೊಫೆಸರ್.