ಏಳನೇ ನಂಬರಿನ ಮೂಕ ಮೆಷಿನ್ನು

ಏಳನೇ ನಂಬರಿನ ಟೈಪ್‌ರೈಟರಿಗೆ ಗಂಟೆ ಕೆಟ್ಟು ಎಷ್ಟೋ ವರ್ಷವಾಗಿತ್ತು. ಸಾಲು ಮುಗಿಯುವ ಹೊತ್ತಿಗೆ ‘ಟಿಣ್’ ಎನ್ನಬೇಕಾದದ್ದು ಮುನಿಸಿಕೊಂಡ ಅಳಿಯನಂತೆ ಸುಮ್ಮನಿರುತ್ತಿತ್ತು. ತೆಲುಗು ಸೀಮೆಯ ಪೆಂಡುರ್ತಿಯ ಟೈಪಿಂಗ್ ಶಾಲೆಯ ಕೋಟೇಶ್ವರಮ್ಮನವರು ಬೇಸರಿಸದೆ ಪಕ್ಕದಲ್ಲೇ ನಿಂತು ಸ್ಕೇಲಿನಿಂದ ಮೇಜು ಕುಟ್ಟುವರು. ‘ಟಕ್’ ಎಂದೊಡನೆ ಚಂದ್ರಹಾಸ ಕ್ಯಾರೇಜ್ ತಳ್ಳಿ ಹೊಸ ಸಾಲು ಹಿಡಿಯುವನು. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ಗೇಟ್‌ಪಾಸ್ ಹರಿಯುತ್ತಿದ್ದವನಿಗೆ ಟೈಪಿಂಗ್ ಪಾಸಾದರಷ್ಟೇ ಪ್ರಮೋಷನ್ನು. ಅದೂ ಇದೇ ಕೊನೆಯ ಅವಕಾಶ.

ಕೇಳದೆಯೇ ಅರ್ಜಿ ತುಂಬಿಕೊಟ್ಟವನು ಪಕ್ಕದ ಮನೆಯ ಬಾಲಚಂದ್ರ.

“ಸೆಂಟರ್ ವಿಜಯವಾಡ ಹಾಕಿದೀನಿ ಕಣ್ರೀ. ದುರ್ಗಮ್ಮನ ದರ್ಶನಾನೂ ಆಗ್ತದೆ!”

ಪರೀಕ್ಷೆಗೆ ಮೆಷಿನ್ನು ತಾವೇ ಅಷ್ಟು ದೂರ ಹೊತ್ತೊಯ್ಯಬೇಕು. ಆದರೂ ಚಂದ್ರಹಾಸ ಕೈ ಮುಗಿದ. ಯಾರು ಏನು ಮಾಡಿದರೂ ಕೈ ಮುಗಿಯುವುದು ಅವನ ಜಾಯಮಾನ.

ರೈಲಿನಲ್ಲಿ ತೊಡೆಯ ಮೇಲಿನ, ಮೆಷಿನ್ನು ಸುತ್ತಿದ ಬಟ್ಟೆಗಂಟು ನೋಡಿ ಎದುರಿನ ಅಜ್ಜ, “ಹಾರ್ಮೋನಿಯಮಾ ಅಂಡೀ? ಒಂದು ಭಜನೆ ನುಡಿಸಬಾರದೇ?” ಎಂದು ತೆಲುಗಿನಲ್ಲಿ ಗಂಟುಬಿದ್ದ. ವಿಜಯವಾಡ ಬರುವತನಕ ಬಿಡಲಿಲ್ಲ.

ಅಲ್ಲಿನ ಭವಾನಿಪುರಂನ ಪರೀಕ್ಷಾ ಕೋಣೆಯಲ್ಲಿ ಸೀಟಿ ಊದಿದ ಮೇಲೇ ಚಂದ್ರಹಾಸನಿಗೆ ಹೊಳೆದದ್ದು: ಇಲ್ಲಿ ಸ್ಕೇಲು ಕುಟ್ಟುವವರು ಯಾರು? ಅಷ್ಟರಲ್ಲಿ ಹತ್ತಿರದಲ್ಲೇ ‘ಟಿಣ್!’

ಎಡಗಡೆಯ ಮೇಜಿನ ಹುಡುಗಿಯ ಮೆಷಿನ್ನೇ ಇರಬೇಕು. ಅವನು ಕ್ಯಾರೇಜ್ ತಳ್ಳಿದ, ಅವಳೂ ತಳ್ಳಿದಳು. ಟಿಣ್, ತಳ್ಳು. ಟಿಣ್, ತಳ್ಳು. ಕೆಲವು ಸಾಲಿಗೆ ಎರಡೇ ಪದ. ಕೆಲವು ಸಾಲಿನ ಕೊನೆಗೆ ಅಕ್ಷರಗಳು ಸಿಟಿ ಬಸ್ಸಿನ ಬಾಗಿಲಲ್ಲಿ ಜನ ಜೋತುಬಿದ್ದಂತೆ ಒಂದರ ಮೇಲೊಂದು. ‘ಎಂಥ ಸ್ಪೀಡಪ್ಪಾ ಈ ಮಗೂದು!’ ಎಂದುಕೊಂಡ.

ಹೊರಗೆ ಆ ಹುಡುಗಿ ಫೋನಿನಲ್ಲಿ, “ಮುಗೀತಮ್ಮಾ, ಬರ್ತಿದೀನಿ,” ಎನ್ನುತ್ತಿದ್ದಳು. ಪರಊರಿನಲ್ಲಿ ಕನ್ನಡ ಕೇಳಿ ಚಂದ್ರಹಾಸನ ಕಣ್ಣು ತುಂಬಿತು.

“ನಿನ್ನ ಮೆಷಿನ್ ಗಂಟೆಯಿಂದ ಬದುಕಿದೆ ಕಣಮ್ಮಾ. ಈ ಉಪಕಾರ ಸಾಯೋತನಕ ಮರೆಯಲ್ಲ.”

“ಅಯ್ಯೋ, ನನ್ನ ಮೆಷಿನ್‌ಗೆ ಗಂಟೆ ಎಲ್ಲಿದೆ ಅಂಕಲ್? ನೀವು ತಳ್ಳಿದಾಗೆಲ್ಲ ನಾನೂ ತಳ್ಳಿದೆ. ನಾನೇ ನಿಮಗೆ ಥ್ಯಾಂಕ್ಸ್ ಹೇಳ್ಬೇಕು ಅಂತಿದ್ದೆ ಅಂಡೀ!”

‘ಟಿಣ್!’

ಇಬ್ಬರೂ ತಿರುಗಿದರು. ಪರೀಕ್ಷಾ ಕೋಣೆಯ ಕಿಟಕಿಯಡಿ, ನೆರಳಿನಲ್ಲಿ, ಐಸ್ ಗಾಡಿಯವನು ಬೆವರೊರೆಸಿಕೊಳ್ಳುತ್ತ ಗಂಟೆ ಬಾರಿಸುತ್ತಿದ್ದ.

“ಬೆಳಗಿಂದ ಬಾರಿಸ್ತಾನೇ ಇದೀನಿ ಸಾರ್,” ಎಂದ ತೆಲುಗಿನಲ್ಲಿ. “ಒಬ್ಬರಾದರೂ ಕೇಳಿಸಿಕೊಳ್ಳಬಾರದೇ?”

ಸೋಮವಾರ ಮತ್ತೆ ಕಾದಿರುವ ಗೇಟ್‌ಪಾಸುಗಳು ಚಂದ್ರಹಾಸನ ಕಣ್ಣ ಮುಂದೆ ಪರಪರ ಹರಿದವು. ಮೆಷಿನ್ನನ್ನು ಕೆಳಗಿಟ್ಟು, ಅಭ್ಯಾಸಬಲದಿಂದ ಐಸ್ ಗಾಡಿಯವನಿಗೂ ಕೈ ಮುಗಿದ.

“ನಾವು ಕೇಳಿಸಿಕೊಂಡ್ವಪ್ಪಾ,” ಎಂದ. “ಎರಡು ಐಸ್ ಕೊಡು.”