ಮುಂಗೋಪಿ ಹೊಟ್ಟೆಯ ಮೇಷ್ಟ್ರು

ಗಣಿತದ ಮೇಷ್ಟ್ರ ಹೊಟ್ಟೆಗೂ ಪರೀಕ್ಷೆಯ ಗಂಟೆಗೂ ಎಣ್ಣೆ ಸೀಗೆಕಾಯಿ ಸಂಬಂಧ. ಗಂಟೆ ಢಣ್ ಅಂದರೆ ಸಾಕು, ಹೊಟ್ಟೆ ಗುಡುಗುಡು ಅನ್ನುವುದು. ಹೋದ ಸಲ ಪರೀಕ್ಷೆಯ ಕಾವಲು ಬಿಟ್ಟು ಐದೇ ನಿಮಿಷ ಪಾಯಿಖಾನೆಗೆ ಓಡಿದ್ದರು. ಅಷ್ಟರಲ್ಲಿ ನಲವತ್ತು ಮಕ್ಕಳೂ ಒಂದೇ ತಪ್ಪು ಉತ್ತರ ಬರೆದು ಮುಗಿಸಿದ್ದರು!

"ಇನ್ನೊಂದ್ಸಲ ಹಾಲ್ ಬಿಟ್ಟು ಕದಲಿದ್ರೆ ನಿಮ್ಮ ಗಣಿತ ಬೇರೆಯವರಿಗೆ. ನೀವು ಲೈಬ್ರರಿ ಧೂಳು ಹೊಡೀರಿ," ಎಂದಿದ್ದರು ಹೆಡ್‌ಮಾಷ್ಟ್ರು. ಇಪ್ಪತ್ತು ವರ್ಷ ಗಣಿತವನ್ನೇ ಉಸಿರಾಡಿದ ಜೀವ, ಕೇಳಿಯೇ ಅರ್ಧವಾಯಿತು.

ಇವತ್ತು ಮತ್ತೆ ಕಾವಲು. ಬೆಳಿಗ್ಗೆ ಎಂಟಕ್ಕೇ ಔಷಧಿ ಅಂಗಡಿಗೆ ಓಡಿದರು. ಅಂಗಡಿಯ ಮೇಡಂ ಡಾಕ್ಟರ ಚೀಟಿ ಓದಿ, ಅವರನ್ನು ಸಾಲಿನಿಂದ ಕೌಂಟರಿನ ಮೂಲೆಗೆ ಕರೆದರು.

"ಟೆಸ್ಟ್ ಎಲ್ಲಾ ಆಗಿದೆ, ಕರುಳಿಗೆ ಬೇರೇನೂ ರೋಗ ಇಲ್ಲ ಸಾರ್. ಅದಕ್ಕೆ ಮುಂಗೋಪ ಜಾಸ್ತಿ, ಅಷ್ಟೇ. ಮುಂಗೋಪಿಗಳ ಹತ್ರ ನೀವು ಹೇಗಿರ್ತೀರಿ?"

"ಬಾಯಿ ಮುಚ್ಕೊಂಡು. ನಮ್ಮ ಹೆಡ್‌ಮಾಷ್ಟ್ರ ಹತ್ರ ಇರೋ ಹಾಗೆ."

"ಹಾಗೇ ಇರಿ! ಹೊತ್ತಿಗೆ ಸರಿಯಾಗಿ ಸ್ವಲ್ಪ ತಿನ್ನಿ, ಖಾಲಿ ಹೊಟ್ಟೆಗೆ ಕಾಫಿ ಬೇಡ. ಗುಡುಗು ಶುರುವಾದ್ರೆ ಹೊಟ್ಟೆ ತುಂಬ ಉಸಿರು ಎಳೆದು ನಿಧಾನಕ್ಕೆ ಬಿಡಿ. ಈ ಮಾತ್ರೆ ಜೇಬಲ್ಲಿರಲಿ, ತೀರಾ ತಡೀಲಾರದಿದ್ರೆ ಮಾತ್ರ ತಗೊಳ್ಳಿ. ಮತ್ತೆ, ಯಾರೋ ಏನೋ ಕೊಟ್ರು ಅಂತ ಕುಡಿದುಬಿಟ್ಟೀರಿ ಜೋಕೆ!"

ಸಾಲಿನಲ್ಲಿ ನಿಂತವರಿಗೇನು ಕಿವಿ ಇರಲಿಲ್ಲವೇ? ಸ್ಟಾಫ್‌ರೂಮಿಗೆ ಮೇಷ್ಟ್ರಿಗಿಂತ ಮೊದಲು ಸುದ್ದಿ ಬಂದು ಕೂತಿತ್ತು.

"ನಮ್ಮತ್ತೆಗೂ ಇದೇ ಆಗಿತ್ತು!" ಎಂದು ವಿಜ್ಞಾನದ ಮೇಡಂ ಹರಳೆಣ್ಣೆ ಬೆರೆಸಿದ ಕಷಾಯ ತಂದಿಟ್ಟರು. ಡ್ರಿಲ್ ಮಾಷ್ಟ್ರು ಒಣದ್ರಾಕ್ಷಿ ನೆನೆಸಿದ ನೀರು ತಂದರು. ಗುಮಾಸ್ತ ಆರು ನಿಂಬೆಹಣ್ಣು ಹಿಂಡಿಕೊಂಡು ಬಂದ.

"ಮೊದಲೇ ಎಲ್ಲಾ ತೊಳೆದುಹೋಗಿ ಒಳಗೆ ಏನೂ ಇಲ್ಲದಿದ್ರೆ ಹೊರಗೆ ಏನು ಬರುತ್ತೆ ಸಾರ್? ಕುಡೀರಿ!" ಎಂದ.

"ಅಯ್ಯೋ ಮಹಾರಾಯ, ನನ್ನ ಗಣಿತ ಕಳೀಬೇಡ!" ಎಂದು ಮೇಷ್ಟ್ರು ಕೈಮುಗಿದು ಹಾಲ್‌ಗೆ ಓಡಿದರು. ಮೂರು ಲೋಟಗಳೂ ಮೇಜಿನ ಮೇಲೆಯೇ ಉಳಿದವು.

ಗಂಟೆ ಢಣ್ ಅಂದಿತು. ಹೊಟ್ಟೆ ಗುಡುಗಿತು. ಮೇಷ್ಟ್ರು ಉಸಿರೆಳೆದರು, ಬಿಟ್ಟರು, ಜೇಬು ಮುಟ್ಟಿಕೊಂಡರು. ಆಶ್ಚರ್ಯ! ಗದರಿಸಿಕೊಂಡ ನಾಯಿಯ ಹಾಗೆ ಹೊಟ್ಟೆ ಮುದುರಿ ಮಲಗಿತು. ಒಂದು ಗಂಟೆ ಕಳೆಯಿತು, ಎರಡಾಯಿತು. ಕಿಟಕಿಯಾಚೆ ಹೆಡ್‌ಮಾಷ್ಟ್ರು ಅತ್ತಿಂದಿತ್ತ, ಇತ್ತಿಂದತ್ತ ಐದು ಸಲ ದಡದಡನೆ ಹಾದುಹೋದರು. ಇಷ್ಟು ಬಿಗಿಯಾದ ಮೇಲ್ವಿಚಾರಣೆಯನ್ನು ಮೇಷ್ಟ್ರು ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ.

ಕೊನೆಯ ಗಂಟೆಯೂ ಬಾರಿಸಿತು. ಮಾತ್ರೆ ಜೇಬಿನಲ್ಲಿ ಹಾಗೇ ಇತ್ತು. ಗೆದ್ದುಬಿಟ್ಟಿದ್ದರು! ಉತ್ತರಪತ್ರಿಕೆಗಳನ್ನು ಎದೆಗವಚಿಕೊಂಡು, ದಂಡು ಗೆದ್ದವರ ಹಾಗೆ ಹೆಡ್‌ಮಾಷ್ಟ್ರ ಕೋಣೆಗೆ ನಡೆದರು.

ಹೆಡ್‌ಮಾಷ್ಟ್ರು ಒಗೆದು ಹಿಂಡಿದ ಬಟ್ಟೆಯಂತೆ ಕುರ್ಚಿಗೆ ಜೋತುಬಿದ್ದಿದ್ದರು. ಬಾಗಿಲಲ್ಲಿದ್ದ ಗುಮಾಸ್ತ ಪಿಸುಗುಟ್ಟಿದ: "ಹೆಡ್‌ಮಾಷ್ಟ್ರು ಸ್ಟಾಫ್‌ರೂಮಿಗೆ ಬಂದು, ಆ ಮೂರು ಲೋಟ ತಮಗೇ ಇಟ್ಟಿದ್ದು ಅಂದ್ಕೊಂಡು ಮುಗಿಸಿಬಿಟ್ರು ಸಾರ್."

"ಭೇಷ್ ಮೇಷ್ಟ್ರೇ!" ಹೆಡ್‌ಮಾಷ್ಟ್ರ ದನಿ ಪಾತಾಳದಿಂದ ಬಂತು. "ಕೂತ ಜಾಗ ಬಿಟ್ಟು ಕದಲದ ಗಂಡು ನೀವು. ನನ್ನ ಕೈಲಾಗಲ್ಲ. ಇನ್ಮೇಲೆ ವರ್ಷವಿಡೀ ಎಲ್ಲಾ ಪರೀಕ್ಷೆ, ಎರಡೂ ಹೊತ್ತು, ಕಾವಲು ನಿಮ್ಮದೇ. ಭಾರ ಆಗುತ್ತೆ ಪಾಪ ಅಂತ ನಿಮ್ಮ ಗಣಿತ ಬೇರೆಯವರಿಗೆ ಕೊಟ್ಟಿದ್ದೀನಿ."

ಮೂರು ಗಂಟೆ ಮಲಗಿದ್ದ ಹೊಟ್ಟೆ ಗುಡುಗುಡು ಎಂದು ಎದ್ದಿತು. ಮೇಷ್ಟ್ರ ಕೈ ಜೇಬಿಗೆ ಹೋಯಿತು.

"ಹಾಂ, ಅದೇ," ಎಂದು ಹೆಡ್‌ಮಾಷ್ಟ್ರು ಕೈ ಚಾಚಿದರು. "ಔಷಧಿ ಅಂಗಡಿ ಮೇಡಂ ನಿಮಗೊಂದು ಮಾತ್ರೆ ಕೊಟ್ಟಿದ್ದಾರಂತಲ್ಲ, ಬೇಗ ಇತ್ಲಾಗೆ ಕೊಡ್ರೀ!"