ಮೂರು ಕಾಲಿನ ಪುಲ್ಲರ್

ಎಲ್ಲದಕ್ಕೂ ಕಾರಣ ಒಂದು ಬೇರಿಂಗು. ಶಾಲೆಯ ಹೆಡ್ ಮೇಡಂ ಕಾರಿನ ಹಿಂದಿನ ಆಕ್ಸಲ್ಲಿಗೆ ತುಕ್ಕು ಹಿಡಿದು ಕಚ್ಚಿಕೊಂಡಿದ್ದ ಅದು, ಹಠಮಾರಿ ಮಗು ತಾಯಿಯ ಸೊಂಟ ಬಿಡದ ಹಾಗೆ, ಬೆಳಗ್ಗೆ ಒಂಬತ್ತರಿಂದ ಹನ್ನೊಂದರವರೆಗೂ ಕೂತಲ್ಲೇ ಕೂತಿತ್ತು.

ಬೇರೆ ಮೆಕ್ಯಾನಿಕ್ ಆಗಿದ್ದರೆ ಬೆವರುತ್ತಿದ್ದ. ಪಾನಪ್ಪ ನಕ್ಕ. ಸ್ಪ್ಯಾನರಿಗೆ ಪಾನಾ ಎನ್ನುವ ಆ ಬೀದಿಯವರು ಅವನಿಗೆ ಇಟ್ಟ ಹೆಸರು ಅದು. ಎಲ್ಲೂ ಇಲ್ಲದ ಟೂಲು ಅವನ ಹತ್ತಿರ ಇರುತ್ತಿತ್ತು. ಟೂಲಿನ ಕಪಾಟುಗಳೇ ಜಾಗ ನುಂಗಿ, ಎರಡು ಕಾರು ನಿಲ್ಲುತ್ತಿದ್ದ ಶೆಡ್ಡಿನಲ್ಲಿ ಈಗ ಒಂದೇ ಕಾರು, ಅದೂ ಮೂತಿ ಬೀದಿಗೆ ಚಾಚಿಕೊಂಡು ನಿಲ್ಲುತ್ತಿತ್ತು. ಪ್ರತಿ ಮಂಗಳವಾರ ಟೂಲು ಮಾರುವ ವ್ಯಾನಿನ ಹಾರ್ನ್ ಕೇಳಿದರೆ ಸಾಕು, ಹೆಂಡದಂಗಡಿ ಕಂಡ ಕುಡುಕನ ಹಾಗೆ ಇವನ ಕಾಲು ತಾನಾಗಿ ಅತ್ತ ತಿರುಗುತ್ತಿತ್ತು. ಕೊಂಡದ್ದನ್ನು ಬಳಸುತ್ತಿದ್ದನೇ? ಎಲ್ಲಿ ಬಂತು! ಡಬ್ಬ ಬಿಚ್ಚಿದರೆ ಹೊಸತನ ಹೋಗುತ್ತದಂತೆ. ಗಿರಾಕಿ ಬಿಸಿಲಲ್ಲಿ ಕಾಯುತ್ತಿದ್ದರೆ ಈ ಮಹಾನುಭಾವ ಡಬ್ಬದ ಮೇಲಿನ ಚಿತ್ರ ನೋಡುತ್ತ ಮೈಮರೆಯುತ್ತಿದ್ದ. ಇಷ್ಟೆಲ್ಲ ಕೊಂಡರೂ ಮನೆಯಲ್ಲಿ ಯಾವುದಕ್ಕೂ ಕೊರತೆಯಾಗದಂತೆ ಹೆಂಡತಿ ಹೇಗೆ ಸಂಸಾರ ತೂಗಿಸುತ್ತಾಳೋ ಎಂದು ಅವನಿಗೇ ಆಶ್ಚರ್ಯ. ಎದುರಿಗೆ ಸಿಕ್ಕವರಿಗೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ಎದುರು ಶೆಡ್ಡಿನವನ ಆಸ್ತಿ ಒಂದು ಸುತ್ತಿಗೆ, ಒಂದು ಉಳಿ, ನಾಲ್ಕು ಸ್ಪ್ಯಾನರು. ಬೀದಿ ಅವನನ್ನು ಸುತ್ತಿಗೆ ಎಂದೇ ಕರೆಯುತ್ತಿತ್ತು. ಅವನು ಬೀಡಿ ಹಚ್ಚುತ್ತ ಈಚೆ ಬಂದ.

"ಏನಣ್ಣ, ಬರ್ತಾ ಇಲ್ವಾ? ಹೇಗೂ ಬಿಸಾಡೋ ಬೇರಿಂಗು. ಉಳಿ ಇಟ್ಟು ನಾಲ್ಕು ಬಿಡ್ಲಾ?"

"ಮುಟ್ಟಿದ್ರೆ ಕೈ ಮುರೀತೀನಿ!" ಪಾನಪ್ಪ ಗದರಿದ. "ಅದಕ್ಕೇ ಅಂತ ಮೂರು ಕಾಲಿನ ಪುಲ್ಲರ್ ಇದೆ ನನ್ನ ಹತ್ರ. ಮೂರು ಕಾಲಲ್ಲಿ ಹಿಡಿದು ನಡುವಿನ ಸ್ಕ್ರೂ ತಿರುಗಿಸಿದ್ರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರುತ್ತೆ. ನೀನು ಜನ್ಮದಲ್ಲಿ ನೋಡಿರಲ್ಲ."

"ತಗೊಂಡು ಬಾ, ನೋಡೋಣ. ನಾಲ್ಕು ಗಂಟೆಗೆ ಮೇಡಂ ಬರ್ತಾರಂತೆ."

ಚುಚ್ಚಿದ್ದು ಆ ಮಾತು. ಹೆಡ್ ಮೇಡಂ ಬೆಳಗ್ಗೆ ಕಾರು ಬಿಟ್ಟು ಹೋಗುವಾಗ, ಹೇಳಿದ ಹೊತ್ತಿಗೆ ಕೊಟ್ಟರೆ ಶಾಲೆಯ ಹನ್ನೊಂದು ವ್ಯಾನುಗಳ ರಿಪೇರಿಯನ್ನೂ ಇವನಿಗೇ ವಹಿಸುವುದಾಗಿ ಹೇಳಿದ್ದರು. ಹನ್ನೊಂದು ವ್ಯಾನು ಎಂದರೆ ವರ್ಷವಿಡೀ ಕೈತುಂಬ ಕೆಲಸ.

ತೊಡಕು ಇಷ್ಟೇ: ಪುಲ್ಲರ್ ಇದ್ದದ್ದು ಮನೆಯ ಅಟ್ಟದಲ್ಲಿ, ಹಳೆಯ ತೊಟ್ಟಿಲ ಹಿಂದೆ. ಶೆಡ್ಡಿನಲ್ಲಿ ಹಿಡಿಸದ ಡಬ್ಬಗಳನ್ನು ಹೆಂಡತಿಗೆ ಗೊತ್ತಾಗದಂತೆ ಅವನು ಬಚ್ಚಿಡುತ್ತಿದ್ದ ಜಾಗ ಅದು. ಮೂರು ತಿಂಗಳ ಹಿಂದೆ ಅದನ್ನು ಕೊಂಡಾಗ, ಮೋಹ ತಡೆಯದೆ ಅದೊಂದನ್ನು ಮಾತ್ರ ಬಿಚ್ಚಿ, ಎಣ್ಣೆ ಸವರಿ, ತನ್ನ ಹಳೆಯ ಬನಿಯನ್ನಿನಲ್ಲಿ ಸುತ್ತಿ ಮತ್ತೆ ಡಬ್ಬದಲ್ಲಿಟ್ಟಿದ್ದ. ಬ್ಯಾಟರಿ ಆಸಿಡ್ ಬಿದ್ದು ಎದೆಯ ಮೇಲೆ ಸಾಲಾಗಿ ಮೂರು ತೂತಾದ ಆ ಬನಿಯನ್ನನ್ನು ಅವನು ಎರಡು ವರ್ಷ ಹಾಕಿದ್ದ. ಇಡೀ ಬೀದಿಗೆ ಅದರ ಗುರುತಿತ್ತು. ಆ ವಾರವೇ ಹೆಂಡತಿ ಕೇಳಿದ್ದಳು: "ಏನ್ರೀ, ಪುಲ್ಲರ್ರೋ ಗಿಲ್ಲರ್ರೋ ತಂದ್ರಂತೆ?"

"ನಾನಾ? ನಿನ್ನಾಣೆ, ಅದರ ಮುಖ ನೋಡಿದವನಲ್ಲ!"

"ಸರಿ. ಇನ್ನೊಂದು ಟೂಲು ಮನೆಗೆ ಬಂತೋ, ನಮ್ಮಣ್ಣನ್ನ ಕರೆಸಿ ಶೆಡ್ಡಲ್ಲಿ ಕೂರಿಸ್ತೀನಿ. ಬೀಗದ ಕೈ ಅವನ ಹತ್ರಾನೇ ಇರುತ್ತೆ."

ಆ ಭಾವಮೈದುನನ ಮೀಸೆ ನೆನೆದರೇ ಪಾನಪ್ಪನಿಗೆ ನಡುಕ.

ಹನ್ನೆರಡಕ್ಕೆ ಮನೆಗೆ ಬಂದ. ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತಿದಳು. "ಏನ್ರೀ, ಇಷ್ಟು ಹೊತ್ತಿಗೆ?"

"ಹೊಟ್ಟೆನೋವು ಕಣೇ. ಸ್ವಲ್ಪ ಮಲಗ್ತೀನಿ." ಅಟ್ಟವಿದ್ದ ಕೋಣೆಗೆ ನುಗ್ಗಿದ.

ಹೊಟ್ಟೆನೋವು ಎಂಬ ಮಾತು ಬಾಯಿಂದ ಬಿದ್ದದ್ದೇ ತಪ್ಪಾಯಿತು. ಪಕ್ಕದ ಮನೆಯಲ್ಲಿ ನಿವೃತ್ತ ಪೋಸ್ಟ್ ಮಾಸ್ತರರಿದ್ದರು. ಕೆಲಸದಲ್ಲಿದ್ದಾಗ ಬೇರೆಯವರ ಕಾಗದ ಹಂಚಿದ ಚಟ, ಈಗ ಬೇರೆಯವರಿಗೆ ಔಷಧಿ ಹಂಚುವುದರಲ್ಲಿ ಮುಂದುವರಿದಿತ್ತು. ಐದು ನಿಮಿಷದಲ್ಲಿ ಅವರು ಮಂಚದ ಪಕ್ಕ ಕುರ್ಚಿ ಹಾಕಿ ಕೂತಿದ್ದರು.

"ಬಾಯಿ ತೆಗಿ."

"ಏನಿಲ್ಲ ಮಾಸ್ತರೇ, ಈಗ ಕಡಿಮೆ ಆಗಿದೆ..."

"ನೋವು ಕಡಿಮೆ ಆಯ್ತು ಅನ್ನೋರೇ ಸಾಯೋದು. ತೆಗಿ ಬಾಯಿ."

ಬೇವಿಗಿಂತ ಕಹಿಯಾದ ಕಷಾಯ ಗಂಟಲಿಗಿಳಿಯಿತು. ಮಾಸ್ತರರು ಏಳಲಿಲ್ಲ. ತಮ್ಮ ಪಿತ್ತಕೋಶದ ಇತಿಹಾಸವನ್ನು ಮೊದಲಿನಿಂದ ಹೇಳಿದರು. ಅದು ಮುಗಿದ ಮೇಲೆ ಕಿಟಕಿಯಿಂದ ಹಿತ್ತಲು ನೋಡಿದರು.

"ಅಲ್ಲಯ್ಯಾ, ಗೋಡೆ ಕಟ್ಟಿಸ್ತೀನಿ ಅಂತ ಇಟ್ಟಿಗೆ ತರಿಸಿ ವರ್ಷ ಆಯ್ತು. ಗೋಡೆ ಏಳಲಿಲ್ಲ, ಇಟ್ಟಿಗೆ ಮಾತ್ರ ಕರಗ್ತಾ ಇದೆ. ಯಾರೋ ಒಂದೊಂದೇ ಎತ್ಕೊಂಡು ಹೋಗ್ತಿದಾರೆ ನೋಡು."

"ಹೋಗ್ಲಿ ಬಿಡಿ ಮಾಸ್ತರೇ, ಇಟ್ಟಿಗೆ ತಾನೇ."

ಮೂರೂವರೆ ದಾಟಿದ ಮೇಲೆ ಅವರು ಕಾಫಿಗೆಂದು ಎದ್ದರು. ಹೊರಗೆ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಪಾನಪ್ಪ ಬೆಕ್ಕಿನಂತೆ ಅಟ್ಟ ಹತ್ತಿದ. ತೊಟ್ಟಿಲ ಹಿಂದೆ ಡಬ್ಬಗಳು ಇಟ್ಟ ಹಾಗೇ ಇದ್ದವು. ಪುಲ್ಲರಿನ ಡಬ್ಬ ಎತ್ತಿದ. ಕೈಗೆ ಭಾರ ಸರಿಯಾಗಿ ಸಿಕ್ಕಿತು. ಬಿಚ್ಚಿ ನೋಡಲು ಪುರುಸೊತ್ತೆಲ್ಲಿ? ಹೊಟ್ಟೆಗೆ ಒತ್ತಿ ಮೇಲೆ ಅಂಗಿ ಎಳೆದುಕೊಂಡು ಹಿತ್ತಲ ಬಾಗಿಲಿಂದ ಜಾರಿದ. ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದ ಮಾಸ್ತರರು!

"ಅಯ್ಯೋ, ಹೊಟ್ಟೆ ಊದಿಕೊಂಡು ಬಿಡ್ತಲ್ಲಯ್ಯಾ! ಅದೂ ಚೌಕವಾಗಿ! ಅಮ್ಮಾ, ಬನ್ನಿ ಇಲ್ಲಿ, ನಿಮ್ಮೆಜಮಾನ್ರಿಗೆ..."

ಮಿಕ್ಕದ್ದು ಪಾನಪ್ಪನಿಗೆ ಕೇಳಿಸಲಿಲ್ಲ. ಬೀದಿಯುದ್ದಕ್ಕೂ ಹೊಟ್ಟೆ ಹಿಡಿದುಕೊಂಡು ಓಡಿದ. ನೋಡಿದವರೆಲ್ಲ ದಾರಿ ಬಿಟ್ಟರು.

ಶೆಡ್ಡಿಗೆ ಬಂದಾಗ ನಾಲ್ಕಕ್ಕೆ ಐದು ನಿಮಿಷ. ಹೆಡ್ ಮೇಡಂ ಆಗಲೇ ಬಂದು, ಗಡಿಯಾರ ಕಟ್ಟಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ನಿಂತಿದ್ದರು. ತಡವಾಗಿ ಬಂದ ಹುಡುಗರನ್ನು ಶಾಲೆಯ ಗೇಟಿನಲ್ಲಿ ಅವರು ನೋಡುವುದೂ ಹೀಗೇ.

"ಬೆಳಗ್ಗೆ ಬಿಟ್ಟ ಕಾರು ಇನ್ನೂ ಮೂರು ಚಕ್ರದ ಮೇಲಿದೆ."

"ಹತ್ತೇ ನಿಮಿಷ ಮೇಡಂ! ಇದಕ್ಕೆ ಬೇಕಾದ ಟೂಲು ಈ ಊರಲ್ಲಿ ಇರೋದು ನನ್ನ ಒಬ್ಬನ ಹತ್ರ. ನೋಡ್ತಾ ಇರಿ."

ಸುತ್ತಿಗೆಯೂ ನೋಡಲಿ ಎಂದು ಡಬ್ಬವನ್ನು ಬಾನೆಟ್ಟಿನ ಮೇಲಿಟ್ಟು ಮುಚ್ಚಳ ತೆಗೆದ.

ಒಳಗೆ ಇಟ್ಟಿಗೆ ಇತ್ತು. ಒಂದು ಇಡೀ ಇಟ್ಟಿಗೆ.

"ಮೂರು ಕಾಲು ಎಲ್ಲಿ ಅಣ್ಣ?" ಸುತ್ತಿಗೆ ಕೇಳಿದ. "ಇದಕ್ಕೆ ಕಾಲೇ ಬಂದಿಲ್ವಲ್ಲ."

ಅವತ್ತು ಮಂಗಳವಾರ. ಆಗಲೇ ಬೀದಿಯ ತುದಿಯಲ್ಲಿ ಟೂಲು ವ್ಯಾನಿನ ಹಾರ್ನ್ ಕೇಳಿತು. ಪಾನಪ್ಪನ ರಕ್ತ ತಲೆಗೇರಿತು. ಓಡಿಹೋಗಿ ವ್ಯಾನಿನವನ ಕೊರಳಪಟ್ಟಿ ಹಿಡಿದ. "ಕಳ್ಳನನ್ಮಗನೇ! ಪುಲ್ಲರ್ ಬದಲು ಇಟ್ಟಿಗೆ ಹಾಕಿಟ್ಟಿದೀಯಲ್ಲೋ!" ಎಂದು ಕೂಗುತ್ತಿದ್ದ ಹಾಗೇ, ತಾನೇ ಅದನ್ನು ಬಿಚ್ಚಿ ಬನಿಯನ್ನಿನಲ್ಲಿ ಸುತ್ತಿಟ್ಟದ್ದು ನೆನಪಾಗಿ ದನಿ ಸೊರಗಿತು.

ವ್ಯಾನಿನವನು ನಿಧಾನವಾಗಿ ಕೊರಳು ಬಿಡಿಸಿಕೊಂಡ. "ಬೈಯೋದು ಆಮೇಲೆ ಬೈಯಣ್ಣ. ಮೂರು ಕಾಲಿಂದು ಒಂದೇ ಒಂದು ಉಳಿದಿದೆ. ಬೇಕಾ, ಬೇಡ್ವಾ?"

ಭಾವಮೈದುನನ ಮೀಸೆ ಕಣ್ಣ ಮುಂದೆ ಬಂತು. ಆದರೆ ಹನ್ನೊಂದು ವ್ಯಾನು! ನಿಜ ಹೇಳಬೇಕೆಂದರೆ ಹನ್ನೊಂದು ವ್ಯಾನು ಬರೀ ನೆಪ. ಡಬ್ಬದ ಮೇಲಿನ ಚಿತ್ರ ಕಂಡ ಕೂಡಲೇ ಅವನ ಕೈ ಜೇಬಿಗೆ ಹೋಗಿತ್ತು. ಜೇಬು ಖಾಲಿ ಮಾಡಿ, ಡಬ್ಬ ಎದೆಗೊತ್ತಿಕೊಂಡು ವಾಪಸು ಓಡಿದ. ವ್ಯಾನಿನವನೂ ತಮಾಷೆ ನೋಡಲು ಹಿಂದೆ ಬಂದ.

ಶೆಡ್ಡಿನಲ್ಲಿ ಟಣ್, ಟಣ್, ಟಣ್ ಎಂದು ಸದ್ದು. ಪಾನಪ್ಪ ಒಳಗೆ ಕಾಲಿಡುವುದಕ್ಕೂ ಎರಡು ಹೋಳಾದ ಬೇರಿಂಗು ಉರುಳಿ ಬಂದು ಅವನ ಕಾಲ ಬಳಿ ಬೀಳುವುದಕ್ಕೂ ಸರಿಹೋಯಿತು. ಸುತ್ತಿಗೆ ತನ್ನ ಉಳಿಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಮೇಡಂ ಹೇಳಿದ್ರಣ್ಣ. ನಾನಾಗಿ ಮುಟ್ಟಿಲ್ಲ."

"ನಾನೇ ಹೇಳಿದ್ದು," ಎಂದರು ಮೇಡಂ. "ನಿಮ್ಮ ಕಪಾಟು ತುಂಬ ಟೂಲು ನೋಡಿ ವ್ಯಾನು ಕೊಡೋಣ ಅಂತಿದ್ದೆ. ಟೂಲು ನೋಡಿದ್ದಾಯ್ತು. ಕೆಲಸ ನೋಡಿದ್ದು ಇವರದು. ನಾಳೆಯಿಂದ ವ್ಯಾನು ಎದುರು ಶೆಡ್ಡಿಗೆ ಬರ್ತವೆ."

ಪಾನಪ್ಪನಿಗೆ ಏನು ಮಾಡಲೂ ತೋಚಲಿಲ್ಲ. ತೋಚದಾಗ ಅವನು ಮಾಡುವುದು ಒಂದೇ, ಟೂಲು ನೋಡುವುದು. ಕೈ ತಾನಾಗಿ ಡಬ್ಬ ಬಿಚ್ಚಿತು. ಪುಲ್ಲರ್ ಇತ್ತು. ಅದು ಒಂದು ಬಟ್ಟೆಯಲ್ಲಿ ಬೆಚ್ಚಗೆ ಸುತ್ತಿಕೊಂಡು ಮಲಗಿತ್ತು. ಸುತ್ತಿಗೆ ಆ ಬಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದ. ಸಾಲಾಗಿ ಮೂರು ತೂತುಗಳಿಂದ ಬಿಸಿಲು ಬಂತು.

"ಅಣ್ಣ, ಇದು ನಿನ್ನ ಬನಿಯನ್ನಲ್ವಾ?"

ಪಾನಪ್ಪ ವ್ಯಾನಿನವನ ಕಡೆ ತಿರುಗಿದ. ವ್ಯಾನಿನವನು ತಲೆ ಕೆರೆದುಕೊಂಡ.

"ನಂದೇನು ತಪ್ಪಣ್ಣ? ನಿಮ್ಮನೆ ಅಕ್ಕಾವ್ರು ಕೊಡ್ತಾರೆ, ತಗೋತೀನಿ. ನೀನು ಕೇಳ್ತೀಯಾ, ಕೊಡ್ತೀನಿ. ಈ ಪುಲ್ಲರ್ ಎರಡನೇ ಸಲ ಅಷ್ಟೇ. ಆ ಟಾರ್ಕ್ ರೆಂಚ್ ಇದೆಯಲ್ಲ, ಅದನ್ನ ನೀನು ಆರು ಸಲ ತಗೊಂಡಿದೀಯಾ."

"ಆರು ಸಲ!"

"ಪ್ರತಿ ಸಲಾನೂ ಮೊದಲ ಸಲ ನೋಡಿದ ಹಾಗೆ ಖುಷಿ ಪಡ್ತೀಯಾ. ನಿನ್ನ ಮುಖ ನೋಡಿ ನಂಗೂ ಬೇಡ ಅನ್ನೋಕೆ ಮನಸ್ಸಾಗಲ್ಲ."

ಪಾನಪ್ಪ ಡಬ್ಬ ಮುಚ್ಚಿ ಅವನ ಎದೆಗೆ ತಳ್ಳಿದ. "ಹಾಗಾದ್ರೆ ತಗೋ! ವಾಪಸ್ ತಗೋ ಇದನ್ನ! ಅವಳಿಗೆ ಎಷ್ಟು ಕೊಟ್ಟಿದ್ಯೋ ಅಷ್ಟೇ ಕೊಡು!"

"ಅದಾಗಲ್ಲಣ್ಣ." ವ್ಯಾನಿನವನು ಎರಡು ಹೆಜ್ಜೆ ಹಿಂದೆ ಸರಿದ. "ನಾನು ತಗೊಳ್ಳೋದು ಅಕ್ಕಾವ್ರ ಕೈಯಿಂದ ಮಾತ್ರ. ಅವರ ಜೊತೆ ಮಾತಾಗಿದೆ."

ಪುಲ್ಲರಿನ ಡಬ್ಬ ಹಿಡಿದು ಮನೆಗೆ ಹೋಗುವ ದಾರಿಯುದ್ದಕ್ಕೂ ಪಾನಪ್ಪ ಬೈಗುಳ ಜೋಡಿಸಿದ. ಇವತ್ತು ಅವಳಾಯಿತು, ನಾನಾದೆ! ಬಾಗಿಲಿಗೆ ಬರುವ ಹೊತ್ತಿಗೆ ಕಿವಿ ಕೆಂಪಾಗಿದ್ದವು. ಹೊಸ್ತಿಲಲ್ಲಿ ಕಾಲಿಟ್ಟಾಗ ಹೊಳೆಯಿತು: ನನ್ನ ಪುಲ್ಲರ್ ಏಕೆ ಮಾರಿದೆ ಎಂದು ಕೇಳಬೇಕಾದರೆ, ಪುಲ್ಲರ್ ಕೊಂಡಿದ್ದೆ ಎಂದು ಮೊದಲು ಒಪ್ಪಬೇಕು. ಅದರ ಮುಖವನ್ನೇ ನೋಡಿಲ್ಲ ಎಂದು ಆಣೆ ಹಾಕಿದ ಬಾಯಿ ಇದೇ. ಒಪ್ಪಿದ ಮರುದಿನ ಶೆಡ್ಡಿನಲ್ಲಿ ಆ ಮೀಸೆ ಕೂತಿರುತ್ತದೆ.

ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿದಳು. ಹೊಚ್ಚ ಹೊಸ ಯಂತ್ರ. ಯಾವಾಗ ಬಂತು ಎಂದು ಅವನು ಇದುವರೆಗೆ ಕೇಳಿರಲೇ ಇಲ್ಲ.

"ಹೊಟ್ಟೆ ಹೇಗಿದೆ? ಮಾಸ್ತರು ಗಾಬರಿಯಾಗಿದ್ರು, ಚೌಕವಾಗಿ ಊದಿದೆ ಅಂತ."

"ಇಳಿದಿದೆ."

"ಕೈಯಲ್ಲೇನದು?"

ಬಾಯಿಗೆ ಬಂದದ್ದು ಒಂದೇ ಮಾತು.

"ಇಟ್ಟಿಗೆ."

ಹೆಂಡತಿಯ ಮುಖ ಅರಳಿತು. ಎದ್ದು ಬಂದು ಎರಡೂ ಕೈ ಚಾಚಿ ಡಬ್ಬ ಇಸಿದುಕೊಂಡಳು.

"ಒಳ್ಳೇದಾಯ್ತು ಕಣ್ರೀ. ಅಟ್ಟದಲ್ಲಿ ಒಂದು ಕಡಿಮೆ ಬಿದ್ದಿತ್ತು."